ಕೆನಡಾ ಬಾಗಿಲು ತೆರೆದ ವರ್ಷ

ಹೋದ ತಿಂಗಳು ನನ್ನ ಗಂಡ ಗಿರೀಶನ ಆಫೀಸಿನವರೊಬ್ಬರ ಮಗಳ ನಿಶ್ಚಿತಾರ್ಥಕ್ಕೆಂದು ಸಿಯಾಟಲ್ ಹತ್ತಿರದ ಸ್ನೋಕ್ವಾಲ್ಮಿ ಕಣಿವೆಗೆ ಹೋಗಿದ್ದೆವು. ಆಮಂತ್ರಣದಲ್ಲಿ ಜಾಗಕ್ಕೆ ಯಾವುದೋ ಹೂವಿನ ಹೆಸರಿತ್ತು. ಫೋನು ತೋರಿಸಿದ ದಾರಿಯಲ್ಲಿ ಹರಟೆ ಹೊಡೆಯುತ್ತಾ ಹೋದವಳಿಗೆ ಕೊನೆಯ ತಿರುವಿನಲ್ಲಿ ಜಾಗದ ಗುರುತು ಸಿಕ್ಕಿತು. ಅದು ರೂತ್‌ಳ ದನದ ಕೊಟ್ಟಿಗೆ. ಬಿಳಿ ಬಣ್ಣ ಬಳಿದು, ತೊಲೆಗಳಿಗೆಲ್ಲ ಪುಟ್ಟ ದೀಪಗಳನ್ನು ಸುತ್ತಿ, ಮದುವೆ ಛತ್ರ ಮಾಡಿಬಿಟ್ಟಿದ್ದಾರೆ. ಹಸುಗಳು ಸಾಲಾಗಿ ನಿಂತು ಹಾಲು ಕೊಡುತ್ತಿದ್ದ ಕಡೆ ಹೂವಿನ ಮಂಟಪ. ಬೆಳಿಗ್ಗೆ ಯಾರೋ ನೆಲ ತೊಳೆದಿದ್ದರು. ಒದ್ದೆ ಸಿಮೆಂಟಿನಿಂದ ಹುಳಿ ಹಾಲಿನ ವಾಸನೆ ಸಣ್ಣಗೆ ಏಳುತ್ತಿತ್ತು. ಎಷ್ಟು ತೊಳೆದರೂ ಅದು ಹೋಗುವುದಿಲ್ಲ, ನನಗೆ ಗೊತ್ತು.

“ಎಷ್ಟು ಕ್ಯೂಟಾಗಿದೆ ಅಲ್ವಾ ಪ್ಲೇಸು? ಫೋಟೋಸ್ ಸಖತ್ತಾಗಿ ಬರುತ್ತೆ,” ಎಂದರು ಪಕ್ಕದಲ್ಲಿದ್ದ ರೇಷ್ಮೆ ಸೀರೆಯ ಹೆಂಗಸು. ಹೂಂ ಎಂದೆ. ಅವತ್ತು ಹೋಳಿಗೆ ಮುಟ್ಟಲಿಲ್ಲ. ಗಿರೀಶ ನನ್ನ ಎಲೆಯನ್ನೂ ನನ್ನ ಮುಖವನ್ನೂ ನೋಡಿದ. ಅವನಿಗೂ ಆ ವರ್ಷ ನೆನಪಾಗಿತ್ತು.

ನಾನು ಓದಿದ್ದು ಬೆಂಗಳೂರಿನಲ್ಲಿ, ಹೈನು ವಿಜ್ಞಾನ. ಸಿಯಾಟಲ್ ಪಕ್ಕದ ನ್ಯೂಕ್ಯಾಸಲ್‌ನ ನಮ್ಮ ಬೀದಿಯಲ್ಲಿ ಮನೆಮನೆಗೂ ಸಾಫ್ಟ್‌ವೇರಿನವರೇ ಇರುವಾಗ ನನ್ನ ಕೆಲಸವೊಂದು ತಮಾಷೆಯ ವಸ್ತು. “ಸುಮಿತ್ರಾ ಅವ್ರು ಮೊಸರು ಮಾಡಕ್ಕೇಂತ ಡಿಗ್ರಿ ತಗೊಂಡಿರೋದು,” ಎಂದು, ಒಬ್ಬೊಬ್ಬರು ಒಂದೊಂದು ಅಡುಗೆ ತಂದು ಸೇರುವ ಪಾಟ್‌ಲಕ್‌ಗಳಲ್ಲಿ ನಗುತ್ತಿದ್ದರು. ನಗಲಿ ಎಂದು ನಾನೂ ನಗುತ್ತಿದ್ದೆ. ಕಣಿವೆಯ ಹತ್ತು ಹನ್ನೆರಡು ಸಣ್ಣ ಹೈನುಗಾರರು ಸೇರಿ ನಡೆಸುತ್ತಿದ್ದ ಚೀಸ್ ಮನೆಯಲ್ಲಿ ನನ್ನ ಕೆಲಸ. ಅವರು ಅದನ್ನು ಏನೆಂದೇ ಕರೆಯಲಿ, ನನಗೆ ಅದು ಹಾಲಿನ ಸೊಸೈಟಿಯೇ. ನಮ್ಮ ಕಡೆಯ ಸೊಸೈಟಿಯ ಹಾಗೆಯೇ ಅಲ್ಲೂ ಹಾಲಿನ ಫ್ಯಾಟು, ಲ್ಯಾಕ್ಟೋಮೀಟರಿನ ಡಿಗ್ರಿ, ಜಗಳ, ಆಮೇಲೆ ಕಾಫಿ. ರಬ್ಬರ್ ಬೂಟು ಹಾಕಿಕೊಂಡು ದೊಡ್ಡ ಬಾನಿಯ ಮುಂದೆ ನಿಂತರೆ ನನಗೆ ಬೇರೆ ಪ್ರಪಂಚ ಬೇಡ. ಅಲ್ಲಿ ನಾನು ಕಾಳುಮೆಣಸು ಹಾಕಿ ಒಂದು ಗಟ್ಟಿ ಚೀಸ್ ಮಾಡುತ್ತಿದ್ದೆ. ಮೆಣಸಿನ ಕಹಿ ಚೀಸಿಗೆ ಇಳಿಯದ ಹಾಗೆ ಮಾಡುವುದನ್ನು ನಾಲ್ಕೈದು ವರ್ಷ ಕೆಡಿಸಿ ಕೆಡಿಸಿ ಕಲಿತಿದ್ದೆ. ಸಿಯಾಟಲ್‌ನ ಅಂಗಡಿಗಳಲ್ಲಿ ಅದಕ್ಕೆ ಒಳ್ಳೆಯ ಹೆಸರಿತ್ತು, ಆದರೆ ಹೆಸರಿದ್ದಷ್ಟು ಮಾರಾಟ ಇರಲಿಲ್ಲ.

ಸೊಸೈಟಿಗೆ ಮೊದಲಿನಿಂದ ಹಾಲು ಹಾಕುತ್ತಿದ್ದವಳು ರೂತ್. ಅರವತ್ತು ದಾಟಿದ, ಎತ್ತರದ, ಮಾತು ಕಡಿಮೆಯ ಹೆಂಗಸು. ಗಂಡ ತೀರಿಕೊಂಡ ಮೇಲೂ ಜರ್ಸಿ ಹಸುಗಳನ್ನು ಒಬ್ಬಳೇ ನೋಡಿಕೊಂಡವಳು. ವಾರಕ್ಕೊಂದು ಸಲ ಗಾಜಿನ ಜಾಡಿಯಲ್ಲಿ ಹಾಲು ತಂದು ನನ್ನ ಮೇಜಿನ ಮೇಲೆ ಕುಕ್ಕಿ, ಏನೂ ಹೇಳದೆ ಹೋಗುವಳು. ಹಸು ಕರು ಹಾಕಿದರೆ ಗಿಣ್ಣಿನ ಹಾಲು ಬೇರೆ. ಗಿಣ್ಣು ಮಾಡಿ ಏಲಕ್ಕಿ ಹಾಕಿ ಅವಳಿಗೊಂದು ತುಂಡು ಕೊಟ್ಟಾಗ, “ನಾವು ಇಷ್ಟು ವರ್ಷ ಇದನ್ನು ಬರೀ ಕರುಗಳಿಗೆ ಕುಡಿಸಿದೆವಲ್ಲ!” ಎಂದು ನಿಜವಾಗಿ ನೊಂದುಕೊಂಡಿದ್ದಳು.

ಶ್ರೀಮಂತ ದೇಶಗಳ ಹಾಲಿನ ವ್ಯಾಪಾರದ ವಿಷಯ ಕಾಲೇಜಿನಲ್ಲಿ ನಮಗೂ ಪಾಠವಿತ್ತು. ಆಗ ಅದು ಪರೀಕ್ಷೆಗೆ ಬರುವ ಪ್ರಶ್ನೆ, ಅಷ್ಟೇ. ಇಲ್ಲಿಗೆ ಬಂದ ಮೇಲೆ ಕಣ್ಣಾರೆ ಕಂಡೆ. ಮುಕ್ತ ವ್ಯಾಪಾರ ಅಂತ ಲೋಕಕ್ಕೆಲ್ಲ ಬುದ್ಧಿ ಹೇಳುವ ಈ ದೇಶಗಳು ತಮ್ಮ ತಮ್ಮ ಹಾಲು, ಬೆಣ್ಣೆ, ಚೀಸಿನ ಸುತ್ತ ಮಾತ್ರ ಗೋಡೆ ಕಟ್ಟಿಕೊಂಡು ಕೂತಿವೆ. ಇಲ್ಲಿ ಅಮೆರಿಕದವರು ತಮ್ಮ ರೈತರಿಗೆ ಸಹಾಯಧನ ಕೊಡುತ್ತಾರೆ, ಗಡಿಯಾಚೆ ಕೆನಡಾದವರು ಹೊರಗಿನ ಚೀಸಿಗೆ ಚೀಸಿನ ಬೆಲೆಗಿಂತ ದೊಡ್ಡ ಸುಂಕ ಹಾಕುತ್ತಾರೆ. ನಮ್ಮ ಕಣಿವೆಯಿಂದ ಕೆನಡಾದ ವ್ಯಾಂಕೂವರ್‌ಗೆ ಒಂದು ಬೆಳಗಿನ ದಾರಿ. ಆ ಊರಲ್ಲಿ ಚೀಸ್ ತಿನ್ನುವ ಬಾಯಿಗಳಿಗೆ ಲೆಕ್ಕವಿಲ್ಲ. ಆದರೆ ನಡುವೆ ಸುಂಕ. ರೂತ್ ಚಿಕ್ಕಂದಿನಿಂದ ಆ ಗೋಡೆಯನ್ನು ನೋಡಿಕೊಂಡೇ ಹಾಲು ಕರೆದವಳು.

ಆ ವರ್ಷ ಚಳಿಗಾಲದಲ್ಲಿ, ಕಣಿವೆಯ ಹೊಲಗಳಲ್ಲೆಲ್ಲ ಹೊಳೆಯ ನೀರು ನಿಂತಿದ್ದಾಗ, ಸುದ್ದಿ ಬಂತು. ಎರಡು ದೇಶಗಳ ನಡುವೆ ಹೊಸ ಒಪ್ಪಂದ, ಕೆನಡಾ ತನ್ನ ಗೋಡೆಯಲ್ಲಿ ಸ್ವಲ್ಪ ಬಾಗಿಲು ತೆರೆಯುತ್ತದೆ, ಇಷ್ಟು ಅಂತ ಮಿತಿಯೊಳಗೆ ನಮ್ಮ ಕಡೆಯ ಚೀಸು ಸುಂಕವಿಲ್ಲದೆ ಒಳಗೆ ಹೋಗಬಹುದು. ಸೊಸೈಟಿಯ ಸಭೆಯಲ್ಲಿ ಅದನ್ನು ಬಿಡಿಸಿ ಹೇಳಿದವರು ಶ್ರೀಕಂಠಣ್ಣ.

ಶ್ರೀಕಂಠಣ್ಣ ನಂಜನಗೂಡಿನವರು. ಸಿಯಾಟಲ್ ನಡುಪೇಟೆಯ ಡೆನ್ನಿ ಟ್ರಯಾಂಗಲ್‌ನ ಗಾಜಿನ ಕಟ್ಟಡವೊಂದರಲ್ಲಿ ಸರಕು ಸಾಗಣೆಯ ದೊಡ್ಡ ಕೆಲಸದಲ್ಲಿದ್ದವರು. ಅದು ಬೇಸರವಾಗಿ, ಸೊಸೈಟಿಯವರು ಮಾರಾಟಕ್ಕೆ ಜನ ಬೇಕೆಂದು ಜಾಹೀರಾತು ಕೊಟ್ಟಾಗ ಅರ್ಜಿ ಹಾಕಿ ಬಂದಿದ್ದರು. ನನ್ನನ್ನು ಮೊದಲ ದಿನ ನೋಡಿದವರೇ, “ಯಾವೂರಮ್ಮಾ?” ಎಂದರು. ಮೈಸೂರು ಎಂದೆ. “ಮೈಸೂರಲ್ಲಿ ಎಲ್ಲಿ?” ನಾನು ಬೀದಿಯ ಹೆಸರು ಹೇಳುವ ಹೊತ್ತಿಗೆ ಅವರು ನನ್ನ ಸೋದರಮಾವನ ಅಂಗಡಿಯವರೆಗೂ ಬಂದುಬಿಟ್ಟಿದ್ದರು. ನನಗೆ ಒಡಹುಟ್ಟಿದ ಗಂಡುಮಕ್ಕಳಿಲ್ಲ ಎಂದು ಗೊತ್ತಾದ ವರ್ಷವೇ ಗೌರಿಹಬ್ಬಕ್ಕೆ ತಟ್ಟೆಯ ತುಂಬ ಬಾಗಿನ ಹಿಡಿದು ನಮ್ಮ ಮನೆ ಬಾಗಿಲಿಗೆ ಬಂದರು. “ತವರಿನೋರು ಇಲ್ಲ ಅಂತ ಇನ್ಮೇಲೆ ಅನ್ಬೇಡ,” ಎಂದರು. ನಾನು ಅವರ ಎದುರೇ ಅತ್ತುಬಿಟ್ಟಿದ್ದೆ. ಅಲ್ಲಿಂದ ಮುಂದೆ ಪ್ರತಿವರ್ಷ ಹಸಿರು ಬಳೆ, ರವಿಕೆ ಕಣ, ಕೊಬ್ಬರಿ, ಬೆಲ್ಲ, ಅರಿಶಿನ ಕುಂಕುಮ ತಪ್ಪಲಿಲ್ಲ. ಸಿಯಾಟಲ್‌ನಲ್ಲಿ ಅದನ್ನೆಲ್ಲ ಹುಡುಕಿ ತರುವ ಗಂಡಸು ಎಷ್ಟು ಜನ ಸಿಕ್ಕಾರು?

ಮಾತಿನಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಆ ಸಭೆಯಲ್ಲಿ ಗಡ್ಡದ ಹೈನುಗಾರರೆಲ್ಲ ಕೈಕಟ್ಟಿಕೊಂಡು ಕೂತು ಕೇಳಿದರು. ಕೆನಡಾದ ಬಾಗಿಲು ದೊಡ್ಡವರಿಗೆಲ್ಲ ಅಲ್ಲ, ಗಡಿಯ ಪಕ್ಕದಲ್ಲಿರುವ ನಮ್ಮಂಥವರಿಗೇ ಹೇಳಿ ಮಾಡಿಸಿದ್ದು, ವ್ಯಾಂಕೂವರ್‌ನ ಒಬ್ಬ ದೊಡ್ಡ ಆಮದುದಾರನ ಜೊತೆ ಮಾತು ಶುರುವಾಗಿದೆ, ಮೆಣಸಿನ ಚೀಸು ಅವನಿಗೆ ಹುಚ್ಚು ಹಿಡಿಸಿದೆ, ಆದರೆ ಅವನು ಕೇಳುವಷ್ಟು ಮಾಡಲು ಈಗಿನ ಹಾಲು ಸಾಲದು ಎಂದರು. ನನಗೋ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು.

ಏಪ್ರಿಲ್‌ನಲ್ಲಿ ಅವರು ಒಂದೊಂದೇ ಮನೆಗೆ ಹೋಗಿ ಮಾತಾಡಿಸಿದರು. ರೂತ್‌ಳ ಅಡುಗೆಮನೆಯಲ್ಲಿ ನಾನೂ ಇದ್ದೆ. ಪ್ರತಿವರ್ಷ ಅವಳು ಹೆಣ್ಣುಕರುಗಳಲ್ಲಿ ಅರ್ಧ ಮಾರಿಬಿಡುತ್ತಿದ್ದಳು. ಸಾಕುವ ಶಕ್ತಿ ಇಲ್ಲ ಎಂದು. ಶ್ರೀಕಂಠಣ್ಣ ಅವಳು ಮಾಡಿದ ಸೇಬಿನ ಪೈ ಎರಡು ಸಲ ಹಾಕಿಸಿಕೊಂಡು ತಿಂದು, “ಈ ಸಲ ಒಂದು ಕರುವನ್ನೂ ಮಾರಬೇಡ ರೂತ್. ನಿನಗೆ ಎಲ್ಲವೂ ಬೇಕಾಗುತ್ತದೆ,” ಎಂದರು. ಅವಳು ನನ್ನ ಕಡೆ ತಿರುಗಿ ಹುಬ್ಬು ಏರಿಸಿದಳು. ನಾನು ಒಪ್ಪಂದದ ಕಾಗದದಲ್ಲಿ ಓದಿದ್ದನ್ನೆಲ್ಲ ಹೇಳಿದೆ. ಬಾಗಿಲು ತೆರೆಯುವುದು ನಿಜ, ಒಳಗೆ ಹೋಗುವವರು ಯಾರು ಎಂಬುದು ಇನ್ನೂ ಗೊತ್ತಾಗಬೇಕು ಎಂದೆ. “ಅದಕ್ಕೇ ನಾನಿರೋದು,” ಎಂದು ಶ್ರೀಕಂಠಣ್ಣ ನಕ್ಕರು. ರೂತ್ ಕರು ಮಾರಲಿಲ್ಲ. ಪಕ್ಕದ ಹುಲ್ಲುಗಾವಲನ್ನು ಗುತ್ತಿಗೆಗೆ ಹಿಡಿದಳು. ಕೊಟ್ಟಿಗೆಗೆ ಹೊಸದಾಗಿ ಒಂದು ಅಂಕಣ ಕೂಡಿಸಿದಳು. ಹೊಸ ಮರದ ವಾಸನೆಯಲ್ಲಿ ನಿಂತು, “ನನ್ನ ಗಂಡ ಇದ್ದಿದ್ದರೆ ನನಗೆ ತಲೆಕೆಟ್ಟಿದೆ ಅನ್ನುತ್ತಿದ್ದ,” ಎಂದು ಅವಳು ಹುಡುಗಿಯ ಹಾಗೆ ನಕ್ಕಿದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಮೇ ತಿಂಗಳಲ್ಲಿ ವ್ಯಾಂಕೂವರ್‌ನಿಂದ ಆ ಆಮದುದಾರನ ಕಡೆಯವರು ಕ್ಯಾಮೆರಾ ಹಿಡಿದು ಬಂದರು. ಅಪರೂಪಕ್ಕೆ ಮೋಡ ಹರಿದು ರೇನಿಯರ್ ಬೆಟ್ಟ ಹಾಲಿನ ಕೆನೆಯಂತೆ ಹೊಳೆಯುತ್ತಿದ್ದ ದಿನ. ರೂತ್ ಬೆಳಿಗ್ಗೆಯೇ ಎದ್ದು ಹಸುಗಳ ಮೈ ತೊಳೆದಿದ್ದಳು. ಹಣೆಯ ಮೇಲೆ ಬಿಳಿ ಮಚ್ಚೆಯಿದ್ದ, ಒಂದು ಕಿವಿ ಹರಿದಿದ್ದ ಡಾಲಿ ಎಂಬ ಹಸು ಕ್ಯಾಮೆರಾ ಎದುರು ಬಂದು ಬಂದು ನಿಲ್ಲುತ್ತಿತ್ತು. ಎಲ್ಲರೂ ನಕ್ಕಿದ್ದೇ ನಕ್ಕಿದ್ದು.

ಬೇಸಿಗೆ ಕಳೆಯಿತು. ಹಾಲು ಏರಿತು. ನಾನು ಬಾನಿಗೆ ಬಾನಿ ಚೀಸು ಮಾಡಿ ಉಗ್ರಾಣದ ಹಲಗೆಗಳ ಮೇಲೆ ಒಟ್ಟಿದೆ. ವ್ಯಾಂಕೂವರ್‌ನ ಆರ್ಡರು ಮಾತ್ರ ಬರಲಿಲ್ಲ. ಕೇಳಿದರೆ ಪರ್ಮಿಟ್ಟು, ಲೇಬಲ್ಲು, ಅದರ ಮೇಲೆ ಇಂಗ್ಲಿಷು ಫ್ರೆಂಚು ಎರಡೂ ಇರಬೇಕು, ಇನ್ನೊಂದು ವಾರ. ಆಗಲೇ ನಾನು ಒಪ್ಪಂದದ ಆ ಭಾಗವನ್ನು ಇನ್ನೊಮ್ಮೆ ಕೂತು ಓದಿದೆ. ಸುಂಕವಿಲ್ಲದೆ ತರಿಸಿಕೊಳ್ಳುವ ಪರವಾನಗಿ ಸಿಗುವುದು ಕೆನಡಾದ ಕಂಪನಿಗಳಿಗೆ. ಅವರು ಯಾರಿಂದ ಬೇಕಾದರೂ ಕೊಳ್ಳಬಹುದು. ಬಾಗಿಲು ತೆರೆದದ್ದು ನಿಜ, ಆದರೆ ಚಿಲಕ ಅವರ ಕೈಯಲ್ಲಿ.

ಗೌರಿಹಬ್ಬದ ದಿನ ಶ್ರೀಕಂಠಣ್ಣ ಎಂದಿನಂತೆ ಬಾಗಿನ ತಂದರು. ಜರಿಯಂಚಿನ ಪಂಚೆ ಉಟ್ಟಿದ್ದರು. ಸಭೆಯಲ್ಲಿ ನಾಲ್ಕು ಜನರ ಮುಂದೆ ಕೇಳಿದರೆ ಅವರಿಗೆ ಅವಮಾನವಾದೀತೆಂದು ಈ ದಿನಕ್ಕೇ ಕಾದಿದ್ದೆ.

“ಶ್ರೀಕಂಠಣ್ಣ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬಾರದು.”

“ಕೇಳು ತಾಯಿ.”

“ಪರ್ಮಿಟ್ ಇರೋದು ಆ ಇಂಪೋರ್ಟ್ ಕಂಪನಿ ಹೆಸರಲ್ಲಿ. ನಮ್ಮ ಹತ್ರಾನೇ ತಗೋತೀವಿ ಅಂತ ಅವ್ರು ಸೈನ್ ಮಾಡಿದಾರಾ? ರೂತ್ ತುಂಬಾ ಮುಂದೆ ಹೋಗ್ಬಿಟ್ಟಿದಾಳೆ. ನಂಗೆ ಭಯ ಆಗ್ತಿದೆ.”

ಅವರು ತಟ್ಟೆಯನ್ನು ನನ್ನ ಕೈಗಿಟ್ಟರು, ಆದರೆ ತಮ್ಮ ಕೈ ತೆಗೆಯಲಿಲ್ಲ. ತಟ್ಟೆಯ ಆ ಕಡೆ ಅವರು, ಈ ಕಡೆ ನಾನು.

“ಇದನ್ನ ಹಿಡ್ಕೊಂಡು ನಿಂಗೆ ಸುಳ್ಳು ಹೇಳ್ತೀನಾ ಸುಮಿ? ಸೈನ್ ಆಗಿದೆ. ಆ ಪರ್ಮಿಟ್ಟಲ್ಲಿರೋ ಜಾಗ ನಮ್ಮ ಸೊಸೈಟಿದು. ದಸರಾ ಹೊತ್ತಿಗೆ ಮೊದಲನೇ ಟ್ರಕ್ ಹೊರಡುತ್ತೆ. ನಾನಿದೀನಿ, ನೀನು ಸುಮ್ನಿರು.”

ಬಗ್ಗಿ ನಮಸ್ಕಾರ ಮಾಡಿದೆ. ದೀರ್ಘಸುಮಂಗಲಿ ಎಂದು ಹರಸಿದರು. ಚಿತ್ರಾನ್ನ, ಒಬ್ಬಟ್ಟು ತಿಂದು, ಗಿರೀಶನ ಹತ್ತಿರ ಕ್ರಿಕೆಟ್ ಮಾತಾಡಿ ಹೋದರು. ಮರುದಿನ ರೂತ್‌ಗೆ, ಸಹಿ ಆಗಿದೆಯಂತೆ ಎಂದೆ. ಅವಳು ದೊಡ್ಡದೊಂದು ಉಸಿರು ಬಿಟ್ಟು ಕೆಲಸಕ್ಕೆ ಹೋದಳು.

ದಸರಾಕ್ಕೆ ಗಿರೀಶನ ಚಿಕ್ಕಪ್ಪನ ಮಗಳ ಮನೆಗೆ ಗಡಿಯಾಚೆ ವ್ಯಾಂಕೂವರ್ ಪಕ್ಕದ ಸರ್ರಿ ಎಂಬ ಊರಿಗೆ ಹೋದೆವು. ಗೊಂಬೆ ಕೂರಿಸಿದ್ದರು. ಸಂಜೆ ಆರತಿಗೆ ಹಣ್ಣು ತರಲೆಂದು ಹತ್ತಿರದ ದೊಡ್ಡ ಅಂಗಡಿಗೆ ನಾವಿಬ್ಬರೇ ಹೋದಾಗ, ಬಾಗಿಲ ಬಳಿ ಮೇಜು ಹಾಕಿಕೊಂಡು ಒಬ್ಬಳು ಹುಡುಗಿ ಚೀಸಿನ ರುಚಿ ತೋರಿಸುತ್ತಿದ್ದಳು. ಹೊಸದಾಗಿ ಬಂದಿದೆ, ಮೆಣಸಿನದು ಎಂದಳು. ಪೊಟ್ಟಣ ಕೈಗೆತ್ತಿಕೊಂಡೆ. ಹಸಿರು ಹುಲ್ಲು, ಹಿಂದೆ ರೇನಿಯರ್ ಬೆಟ್ಟ, ಮುಂದೆ ಹಣೆಯ ಮೇಲೆ ಬಿಳಿ ಮಚ್ಚೆಯ, ಕಿವಿ ಹರಿದ ಹಸು. ಡಾಲಿ. ಹಿಂದೆ ತಿರುಗಿಸಿದರೆ, ತಯಾರಾದದ್ದು ಬೆಟ್ಟಗಳಾಚೆ ಎರಡು ರಾಜ್ಯ ದಾಟಿ ಇರುವ ಕಾರ್ಖಾನೆಯೊಂದರಲ್ಲಿ. ಹುಲ್ಲಿನ ಮುಖ ನೋಡದ ಸಾವಿರಾರು ಹಸುಗಳ ಹಾಲು ಟ್ಯಾಂಕರಿನಲ್ಲಿ ಬಂದು ಸುರಿಯುವ ಜಾಗ.

“ನಮ್ಮದನ್ನ ಯಾರೋ ಕದ್ದಿದಾರೆ,” ಎಂದ ಗಿರೀಶ. “ಶ್ರೀಕಂಠಣ್ಣಂಗೆ ಕಾಲ್ ಮಾಡು.”

ನಾನು ಒಂದು ತುಂಡು ಬಾಯಿಗೆ ಹಾಕಿಕೊಂಡೆ. ಮೊದಲು ಮೆಣಸು, ಆಮೇಲೆ ನಾಲಿಗೆಯ ಹಿಂದೆ ಒಂದು ಕಹಿ. ಅದಲ್ಲ ನನ್ನನ್ನು ಕೊಂದದ್ದು. ಚೀಸು ಬಾಯಲ್ಲಿ ಹೇಗೆ ಪುಡಿಯಾಗುತ್ತದೆ, ಎಷ್ಟು ಬೇಗ ಕರಗುತ್ತದೆ, ಕೊನೆಗೆ ಯಾವ ರುಚಿ ಉಳಿಯುತ್ತದೆ ಎನ್ನುವುದರಲ್ಲಿ ಅದರ ವಯಸ್ಸು ಗೊತ್ತಾಗುತ್ತದೆ. ನನ್ನಂಥವರಿಗೆ ಅದರಲ್ಲಿ ತಪ್ಪಾಗುವುದಿಲ್ಲ. ಇದಕ್ಕೆ ಆರು ತಿಂಗಳಿಗೆ ಕಡಿಮೆಯಿಲ್ಲ. ಎಂದರೆ ಇದನ್ನು ಮಾಡಿದ್ದು ಏಪ್ರಿಲ್‌ನಲ್ಲಿ. ಆಗ ವ್ಯಾಂಕೂವರ್‌ನವರ ಜೊತೆ ಮಾತಾಡುತ್ತಿದ್ದವರು ಒಬ್ಬರೇ. ರೂತ್‌ಳ ಮೇಜಿನ ಮುಂದೆ ಎರಡನೇ ಸಲ ಪೈ ಹಾಕಿಸಿಕೊಂಡು, ಕರು ಮಾರಬೇಡ ಎಂದವರು ಅಷ್ಟರಲ್ಲೇ ನಮ್ಮ ಜಾಗವನ್ನು ಆ ಕಾರ್ಖಾನೆಗೆ ಮಾರಿ ಮುಗಿಸಿದ್ದರು.

“ಇದನ್ನ ತರೋರು ಯಾರಮ್ಮಾ?” ಎಂದು ಆ ಹುಡುಗಿಯನ್ನು ಇಂಗ್ಲಿಷಿನಲ್ಲಿ ಕೇಳಿದೆ.

“ಸಿಯಾಟಲ್ ಕಡೆಯ ಏಜೆಂಟ್, ಶ್ರೀಕಂಠ ಅಂತ. ತುಂಬಾ ಒಳ್ಳೆಯ ಮನುಷ್ಯ. ನಿಮ್ಮವರೇ ಇರಬೇಕು, ಅಲ್ಲವಾ?” ಎಂದಳು.

ಅಂಗಡಿಯ ಹೊರಗೆ ಮಳೆ ಹನಿಯುತ್ತಿತ್ತು. ಗಿರೀಶ ಕೈ ಹಿಡಿದುಕೊಂಡ. ನನಗೆ ಅಳು ಬರಲಿಲ್ಲ, ಮೈ ಉರಿಯಿತು. ವ್ಯಾಪಾರ ವ್ಯಾಪಾರವೇ ಇರಲಿ, ಹೇಳಿ ಹೋಗಬಹುದಿತ್ತು. ನಂಬಿಸಿ ಕುತ್ತಿಗೆ ಕೊಯ್ಯುವವರ ಕಥೆ ಎಷ್ಟೋ ಕೇಳಿದ್ದೆ. ಕೈಗೆ ಬಾಗಿನ ಕೊಟ್ಟು ಕೊಯ್ದವರನ್ನು ಕೇಳಿರಲಿಲ್ಲ. ಆರು ತಿಂಗಳು ಆ ಕಾರ್ಖಾನೆಯ ಚೀಸು ಹದಕ್ಕೆ ಬರುವವರೆಗೆ ಆಮದುದಾರನಿಗೆ ತೋರಿಸಲು ಒಂದು ಹಸಿರು ಹೊಲ, ನಗುವ ಒಬ್ಬ ಮುದುಕಿ, ತಿನ್ನಿಸಲು ನನ್ನ ಚೀಸು ಬೇಕಿತ್ತು. ನಾವು ಅವರಿಗೆ ಅಂಗಡಿಯ ಮುಂದಿನ ಗೊಂಬೆಗಳಾಗಿದ್ದೆವು.

ಸೋಮವಾರ ಸೊಸೈಟಿಗೆ ಹೋದರೆ ಅವರ ಕುರ್ಚಿ ಖಾಲಿ. ಸ್ವಂತ ಕಾರಣಕ್ಕೆ ಕೆಲಸ ಬಿಟ್ಟರಂತೆ. ಫೋನು ಎತ್ತಲಿಲ್ಲ. ಪೊಟ್ಟಣವನ್ನು ರೂತ್‌ಳ ಮುಂದಿಟ್ಟೆ. ಅವಳು ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದಳು.

“ಡಾಲಿ ಚೆನ್ನಾಗಿ ಬಂದಿದ್ದಾಳೆ,” ಎಂದಳು.

“ರೂತ್, ಇದು ಏಪ್ರಿಲ್‌ನಲ್ಲಿ ಮಾಡಿದ ಚೀಸು.”

ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. “ನಿನಗೂ ಸುಳ್ಳು ಹೇಳಿದನಾ?” ಎಂದು ಕೇಳಿದಳು. ಹೌದು ಎಂದೆ. “ಹಾಗಾದರೆ ಸರಿ,” ಎಂದಳು. ಅದರಲ್ಲಿ ಸರಿ ಏನಿತ್ತೋ. ನನ್ನನ್ನು ಸಂಶಯಿಸದೆ ಇರುವುದಕ್ಕೆ ಅವಳಿಗೆ ಅಷ್ಟು ಸಾಕಾಯಿತು ಎಂದು ಈಗ ಅನ್ನಿಸುತ್ತದೆ.

ಸೊಸೈಟಿಯವರು ವಕೀಲರನ್ನು ಕಂಡರು. ಮೆಣಸು ಹಾಕಿದ ಚೀಸು ಯಾರಪ್ಪನ ಸ್ವತ್ತೂ ಅಲ್ಲ, ಫೋಟೋ ತೆಗೆಯಲು ರೂತ್ ಒಪ್ಪಿಯೇ ಇದ್ದಳು, ಆ ಮನುಷ್ಯ ಬಾಯಲ್ಲಿ ಹೇಳಿದ್ದಕ್ಕೆ ಸಾಕ್ಷಿಯಿಲ್ಲ ಎಂದರಂತೆ. ಒಪ್ಪಂದ ಮಾಡಿದ ದೊಡ್ಡವರು ಎರಡೂ ಕಡೆ ಬೆನ್ನು ತಟ್ಟಿಕೊಂಡರು. ಗೋಡೆ ಇದ್ದಾಗ ರೂತ್ ಬಡವಾಗಿಯಾದರೂ ಬದುಕಿದ್ದಳು. ಗೋಡೆ ಒಡೆದಾಗ ಕಲ್ಲು ಅವಳ ಮೇಲೇ ಬಿತ್ತು. ಉಗ್ರಾಣದಲ್ಲಿ ಒಟ್ಟಿದ್ದ ಚೀಸು ಬಿಕರಿಯಾಗಲಿಲ್ಲ, ಉಳಿದ ಹಾಲನ್ನು ಕೇಳಿದ ಬೆಲೆಗೆ ದೊಡ್ಡ ಡೈರಿಗೆ ಕೊಟ್ಟು ನೋಡಿದರು. ಹೊಸ ಕರುಗಳ ಮೇವಿಗೂ ಆಗಲಿಲ್ಲ. ನವೆಂಬರಿನಲ್ಲಿ ಸೊಸೈಟಿ ಬಾಗಿಲು ಹಾಕಿತು, ರೂತ್ ಹಸುಗಳನ್ನು ಮಾರಿದಳು.

ಲಾರಿಗಳು ಬಂದ ಬೆಳಿಗ್ಗೆ ಕಣಿವೆಯಲ್ಲಿ ಮಂಜು ಎಷ್ಟಿತ್ತೆಂದರೆ ಹಸುಗಳು ಹತ್ತಿದ್ದು ಕಾಣಿಸಲಿಲ್ಲ, ಕಾಲಿನ ಸದ್ದು ಕೇಳಿಸಿತು, ಅಷ್ಟೇ. ಲಾರಿಗಳು ಹೋದ ಮೇಲೆ ರೂತ್ ಪೈಪು ಹಿಡಿದು ಹಾಲು ಕರೆಯುವ ನೆಲವನ್ನು ತೊಳೆಯತೊಡಗಿದಳು. ಸಂಜೆ ಹಾಲು ಕರೆಯುವ ಹೊತ್ತಿಗೆ ನೆಲ ಒಣಗಿರಬೇಕಲ್ಲ, ಆ ಅಭ್ಯಾಸ. ಅರ್ಧ ತೊಳೆದ ಮೇಲೆ ನೆನಪಾಯಿತೇನೋ, ನಿಂತಳು. ಆಮೇಲೆ ಮಿಕ್ಕ ಅರ್ಧವನ್ನೂ ತೊಳೆದಳು. ಹೊರಡುವಾಗ ನನ್ನ ಕೈಗೆ ಒಂದು ಜಾಡಿ ಹಾಲು ಕೊಟ್ಟಳು. ನಾನು ಅವಳನ್ನು ಅಪ್ಪಿಕೊಂಡು ಗೋಳೋ ಎಂದು ಅತ್ತೆ. ಅವಳು ಅಳಲಿಲ್ಲ.

ಅದಾದ ಎರಡು ದಿನಕ್ಕೆ ಶ್ರೀಕಂಠಣ್ಣ ನಮ್ಮ ಮನೆಗೆ ಬಂದರು. ಬಾಗಿಲು ತೆರೆದವನು ಗಿರೀಶ. ಪಾಪದವನು, ಬನ್ನಿ ಎಂದುಬಿಟ್ಟ. ಅವರು ಸೋಫಾದಲ್ಲಿ ತಮ್ಮ ಮಾಮೂಲಿ ಜಾಗದಲ್ಲಿ ಕೂತರು. ತಲೆ ತಗ್ಗಿಸುತ್ತಾರೆ, ಕ್ಷಮೆ ಕೇಳುತ್ತಾರೆ ಎಂದು ಕಾದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಕೇಳಿದ್ದರೆ ನಾನು ಕ್ಷಮಿಸಿಬಿಡುತ್ತಿದ್ದೆನೋ ಏನೋ.

“ನಿಂಗೆ ಕೋಪ ಇರುತ್ತೆ, ಗೊತ್ತು,” ಎಂದರು. “ಆದ್ರೆ ಯೋಚನೆ ಮಾಡು ಸುಮಿ. ಬಾರ್ಡರ್ ಓಪನ್ ಆದ್ಮೇಲೆ ಚಿಕ್ಕೋರು ಉಳಿಯಲ್ಲ. ನಾನಲ್ದಿದ್ರೆ ಇನ್ನೊಬ್ಬ ಮಾಡ್ತಿದ್ದ. ಎಲ್ಲ ದೇಶದಲ್ಲೂ ಇದೇ ಕಥೆ.”

“ಇನ್ನೊಬ್ಬ ನಂಗೆ ಬಾಗಿನ ತಂದಿರ್ಲಿಲ್ಲ,” ಎಂದೆ.

ಅಷ್ಟರಲ್ಲಿ ಅಡುಗೆಮನೆಯಿಂದ ಹಾಲು ಕಾಯುವ ವಾಸನೆ ಬಂತು. ಎದ್ದು ಹೋದೆ. ಗಿರೀಶ ಕಾಫಿಗೆಂದು ರೂತ್ ಕೊಟ್ಟ ಹಾಲನ್ನೇ ಒಲೆಗಿಟ್ಟಿದ್ದ. ಒಲೆ ಆರಿಸಿದೆ.

“ಮನೆಗೆ ಬಂದೋರಿಗೆ ಕಾಫಿನೂ ಕೊಡ್ದೆ ಹೆಂಗೆ ಕಳಿಸೋದೇ?” ಎಂದು ಪಿಸುಗುಟ್ಟಿದ.

“ಇದು ರೂತ್ ಹಸುಗಳ ಕೊನೇ ಹಾಲು,” ಎಂದೆ, ಹೊರಗೆ ಕೂತವರಿಗೂ ಕೇಳುವ ಹಾಗೆ. “ಇದ್ರಲ್ಲಿ ಅವರಿಗೆ ಕಾಫಿ ಕೊಡಲ್ಲ. ಬೇಕಿದ್ರೆ ನೀರು ಕೊಡು.”

ಕೇಳಿಸಿತು. ಎದ್ದು ಹೋಗುತ್ತಾರೆ ಅಂದುಕೊಂಡೆ. ಹೋಗಲಿಲ್ಲ. ಗಿರೀಶ ಕೊಟ್ಟ ನೀರನ್ನು ಪೂರ್ತಿ ಕುಡಿದು, ಲೋಟವನ್ನು ಮೆಲ್ಲಗೆ ಕೆಳಗಿಟ್ಟು, ಬಾಗಿಲ ಬಳಿ ಹೋಗಿ ಬಗ್ಗಿ ಷೂ ಹಾಕಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

“ಫ್ಯಾಕ್ಟರಿದು ಸ್ವಲ್ಪ ಕಹಿ ಬರ್ತಿದೆ ಸುಮಿ,” ಎಂದರು. “ಮೆಣಸು ಹಾಕೋಕೆ ಮುಂಚೆ ಅದಕ್ಕೆ ನೀನು ಏನೋ ಮಾಡ್ತಿದ್ಯಲ್ಲ, ಏನದು?”

ಅಣ್ಣ ತಂಗಿಯನ್ನು ಕೇಳುವ ಹಾಗೆಯೇ ಕೇಳಿದರು.